ಅತ್ತೆಯ ಎರಡು ಮಾತಿಗೆ ನಾನು ಸೇರಿಸಿದ್ದು

ಅಮೆರಿಕದ ಕ್ಯಾಂಪ್‌ಬೆಲ್‌ಗೆ ಬಂದ ಮೇಲೆ ನನ್ನ ಅತ್ತೆಗೆ ಸಿಕ್ಕ ಒಬ್ಬರೇ ಗೆಳತಿ ಫಿಲಿಪೀನ್ಸ್ ಕಡೆಯ ಒಬ್ಬ ಅಜ್ಜಿ. ಧಾರವಾಡದ ಅತ್ತೆಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಹಿರಿಯರ ಕೇಂದ್ರದ ಮಧ್ಯಾಹ್ನದ ಊಟಕ್ಕೆ ಇಬ್ಬರೂ ಒಂದೇ ಮೇಜು ಹಿಡಿಯುತ್ತಿದ್ದರು. ಅತ್ತೆ ಡಬ್ಬಿಯಲ್ಲಿ ಒಯ್ದ ಶೇಂಗಾ ಚಟ್ನಿಯನ್ನು ಆಕೆಯ ಅನ್ನದ ಮೇಲೆ ಉದುರಿಸುವರು, ಆಕೆ ಕಿತ್ತಳೆ ಸುಲಿದು ಅತ್ತೆಯ ಕೈಗಿಡುವರು.

ಒಂದು ವರ್ಷ ಆ ಕೇಂದ್ರಕ್ಕೆ ವಾಷಿಂಗ್ಟನ್ನಿನ ಸರ್ಕಾರದಿಂದ ಬರಬೇಕಾದ ಹಣ ಪೂರ್ತಿ ಬರಲಿಲ್ಲ. ಕೇಂದ್ರದವರು ಹಿರಿಯರನ್ನು ಕರೆತರುವ ವ್ಯಾನು ನಿಲ್ಲಿಸಿದರು. ಅತ್ತೆಯನ್ನು ನಾನು ಕಾರಿನಲ್ಲಿ ಬಿಟ್ಟುಬರತೊಡಗಿದೆ. ಗೆಳತಿಗೆ ಹಾಗೆ ಬಿಡುವವರು ಯಾರೂ ಇರಲಿಲ್ಲ. ನಾನೇ ಆಕೆಯನ್ನು ಕರೆತರುತ್ತೇನೆಂದು ಕೇಳಿದರೆ, ವಿಳಾಸ ಕೊಡುವಂತಿಲ್ಲ ಎಂದರು ಕೇಂದ್ರದವರು. ಮೂರನೆಯ ತಿಂಗಳು ಸುದ್ದಿ ಬಂತು: ಆಕೆ ಅಡುಗೆಮನೆಯಲ್ಲಿ ಜಾರಿ ಬಿದ್ದು ಒಂದು ಹಗಲು, ಒಂದು ರಾತ್ರಿ ನೆಲದ ಮೇಲೇ ಇದ್ದರಂತೆ. ಈಗ ಎಲ್ಲೋ ದೂರದ ನರ್ಸಿಂಗ್ ಹೋಮಿನಲ್ಲಿದ್ದಾರಂತೆ.

ಮರುದಿನವೇ, ವ್ಯಾನಿನ ಹಣ ಮತ್ತೆ ಕೊಡಿಸಿ ಎಂದು ಕೇಳಲು ನಮ್ಮ ಸಂಸದರ ಸ್ಥಳೀಯ ಕಚೇರಿಗೆ ಹೋದೆ. ಅಲ್ಲಿದ್ದ ನಡುವಯಸ್ಸಿನ ಅಧಿಕಾರಿ ನನ್ನ ಮಾತು ಕೇಳುತ್ತ ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಆಫೀಸಿನ ಬ್ಯಾಡ್ಜನ್ನೇ ನೋಡುತ್ತಿದ್ದರು. ಕೊನೆಗೆ, ನಿಮ್ಮ ಮನೆಯಲ್ಲಿ ಕಾರಿದೆಯಲ್ಲ, ಇಂಥ ಕಾರ್ಯಕ್ರಮಗಳು ನಿಮ್ಮಂಥವರಿಗಲ್ಲ ಎಂದು ನಕ್ಕರು.

ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟ್ ಮಾಡದೆ ಬಹಳ ಹೊತ್ತು ಕೂತೆ. ತಾನಾಡಿದ ಈ ಮಾತನ್ನು ಈ ಮನುಷ್ಯ ತನ್ನ ಸಂಸದರ ಎದುರಿಗೇ ಮತ್ತೊಮ್ಮೆ ಕೇಳಬೇಕು ಎಂದು ನಿರ್ಧರಿಸಿದ ಮೇಲೆಯೇ ಎದೆ ಹಗುರಾಯಿತು.

ಆಮೇಲೆ ದಿನವೂ ಬೆಳಿಗ್ಗೆ ನನ್ನ ಮೊದಲ ಮೀಟಿಂಗಿಗೆ ಮುಂಚೆ ಆ ಕಚೇರಿಗೆ ಫೋನು ಮಾಡಿದೆ. ಕೇಂದ್ರಕ್ಕೆ ಬರುವ ಹಿರಿಯರ ಪಕ್ಕ ಕೂತು ಅವರವರ ಕೈಯಲ್ಲೇ ಪತ್ರ ಬರೆಸಿದೆ. ಎಲ್ಲವನ್ನೂ ಒಟ್ಟಿಗೆ ಕಳಿಸಲಿಲ್ಲ, ದಿನಕ್ಕೊಂದರಂತೆ ಕಳಿಸಿದೆ. ಪ್ರತಿ ಲಕೋಟೆಯನ್ನೂ ಆ ಅಧಿಕಾರಿಯೇ ಒಡೆಯಲಿ ಎಂಬುದು ನನ್ನ ಆಸೆ. ಜನರಿಗಾಗಿ ದುಡಿಯುತ್ತಿದ್ದೀಯ ಎಂದು ಗಂಡ ಹೊಗಳಿದಾಗ ನಾನು ತಿದ್ದಲಿಲ್ಲ.

ಕೊನೆಗೆ ಸಂಸದರು ಒಂದು ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕ ಸಭೆ ಕರೆದರು. ಮೈಕು ಹಿಡಿದು ಜನರ ನಡುವೆ ಓಡಾಡುತ್ತಿದ್ದವರು ಅದೇ ಅಧಿಕಾರಿ. ನಾನು ಕೈಯೆತ್ತಿ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದೆ. ಅವರು ಅತ್ತೆಯ ಬಾಯಿಯ ಹತ್ತಿರ ಮೈಕು ಹಿಡಿಯಲೇಬೇಕಾಯಿತು.

"ನನ್ನ ಗೆಳತಿ ಒಬ್ಬಾಕಿನ ಇರತಿದ್ಲು," ಎಂದರು ಅತ್ತೆ. "ಆ ಗಾಡಿ ಇದ್ದಿದ್ದರ, ಆಕಿ ಬರಲಿಲ್ಲಂತ ಅವತ್ತ ಗೊತ್ತಾಗತಿತ್ತು."

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದೇ ದನಿಯಲ್ಲಿ, ಅತ್ತೆಯೇ ಹೇಳಿದ್ದೆಂಬಂತೆ ಮುಂದುವರಿಸಿದೆ. ನನ್ನ ಬಾಯಿಗೆ ಮೈಕು ಹಿಡಿದಿರುವ ಈ ಮಹನೀಯರು, ಈ ಕಾರ್ಯಕ್ರಮ ನಿಮ್ಮಂಥವರಿಗಲ್ಲ ಎಂದರು, ಹಾಗಾದರೆ ನೆಲದ ಮೇಲೆ ಬಿದ್ದಿದ್ದ ನನ್ನ ಗೆಳತಿ ಎಂಥವಳು, ದಯವಿಟ್ಟು ಅವರನ್ನೇ ಕೇಳಿ ಎಂದೆ. ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ. ಸಭೆಯಲ್ಲಿ ಗದ್ದಲವೆದ್ದಿತು. ಸಂಸದರು ತಿರುಗಿ ಆ ಅಧಿಕಾರಿಯತ್ತ ನೋಡಿದರು. ನಾನಂತೂ ಮೊದಲಿನಿಂದಲೂ ಆ ಅಧಿಕಾರಿಯ ಮುಖವನ್ನೇ ನೋಡುತ್ತಿದ್ದೆ.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಕೇಳಿದರು. "ನಾ ಎರಡ ಮಾತ ಹೇಳಿದ್ದೆ. ನೀ ಅಷ್ಟೊತ್ತು ಏನ ಹೇಳಿದಿ?"

ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಅವನ ಕೈ ನಡಗತಿತ್ತು, ನಾ ನೋಡಿದೆ," ಎಂದರು ಅತ್ತೆ. "ನಡಗಲಿ ಬಿಡು."

ಆ ಸಭೆಯಲ್ಲಿ ಎಲ್ಲರೆದುರು ಕೊಟ್ಟ ಮಾತಿನಂತೆ ಸಂಸದರು ಹಣದ ಪರವಾಗಿ ಮತ ಹಾಕಿದರು. ಹಣ ಮಂಜೂರಾಗಿ, ವಾರಕ್ಕೆ ಮೂರು ದಿನ ವ್ಯಾನು ಮತ್ತೆ ಓಡತೊಡಗಿತು. ಗೆಳತಿ ಮಾತ್ರ ಬರಲಿಲ್ಲ. ನರ್ಸಿಂಗ್ ಹೋಮಿನಲ್ಲೇ ತೀರಿಕೊಂಡರು. ಅದು ಆ ಮನುಷ್ಯನೊಬ್ಬನ ತಪ್ಪಲ್ಲ ಎಂಬುದು ನನಗೆ ಗೊತ್ತು.

ಈಚೆಗೆ ಆ ಅಧಿಕಾರಿ ಗ್ರೋಸರಿ ಅಂಗಡಿಯಲ್ಲಿ ಎದುರಾದರು. ನನ್ನನ್ನು ಕಂಡವರೇ ತಳ್ಳುಗಾಡಿ ತಿರುಗಿಸಿಕೊಂಡರು. ನಾನು ಪಕ್ಕದ ಸಾಲಿನಿಂದ ಸುತ್ತಿ ಹೋಗಿ, ಮತ್ತೆ ಅವರ ಎದುರಿಗೇ ನಿಂತೆ.