ಎರಡೂ ಕೈ ಮುಗಿದ ಭಾವ

ನನ್ನ ಭಾವನಿಗೆ ಡ್ರೋನ್ ಹಾರಿಸಲು ಬರುತ್ತದೆ ಎಂದು ಬಾಗಲಕೋಟೆಯ ನಮ್ಮ ವಿದ್ಯಾಗಿರಿ ಬಡಾವಣೆಯಲ್ಲಿ ಎಲ್ಲರೂ ನಂಬಿದ್ದಾರೆ. ಬರುವುದಿಲ್ಲ. ಗಂಡನ ಅಣ್ಣ ಇವನು, ಮದುವೆಗಳ ವಿಡಿಯೋ ತೆಗೆಯುತ್ತಾನೆ. ಅವನ ಡ್ರೋನ್ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ರಿಮೋಟಿನ ಕಡ್ಡಿಗಳಿಂದ ಕೈ ತೆಗೆದರೆ ಗಾಳಿಯಲ್ಲಿ ಇದ್ದಲ್ಲೇ ನಿಲ್ಲುತ್ತದೆ, ಇವನು ಅಷ್ಟರಲ್ಲಿ ಚಹಾ ಕುಡಿದು ಬರಬಹುದು. ಎದುರಿಗೆ ನಾನು ಅವನಿಗೆ ಬಹುವಚನವನ್ನೇ ಹಚ್ಚುತ್ತೇನೆ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡುವುದು ನನ್ನಿಂದಾಗದು.

ನನ್ನದು ರೇಸಿನ ಡ್ರೋನ್. ನಾನೇ ಕಟ್ಟಿದ್ದು. ಇಳಕಲ್ಲಿನ ತವರಿನಲ್ಲಿ ಮಗ್ಗದ ಮುಂದೆ ಕೂತು ಹರಿದ ಎಳೆ ಕೂಡಿಸಿದ ಬೆರಳುಗಳಿಗೆ ತೆಳ್ಳನೆಯ ತಂತಿ ಬೆಸೆಯುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಹಾರಿಸುವುದು. ಕಲಿಯುವವರ ಮೋಡ್ ಒಂದಿದೆ, ಅದರಲ್ಲಿ ಕಡ್ಡಿ ಬಿಟ್ಟರೆ ಡ್ರೋನ್ ತಾನೇ ಮಟ್ಟಸವಾಗುತ್ತದೆ. ಆಕ್ರೋ ಎಂಬ ಇನ್ನೊಂದರಲ್ಲಿ ಆ ಸಹಾಯವಿಲ್ಲ. ಮುಂದಕ್ಕೆ ಬಾಗಿಸಿ ಕೈಬಿಟ್ಟರೆ ಬಾಗಿಕೊಂಡೇ ಹೋಗುತ್ತದೆ. ವೇಗದ ಕಡ್ಡಿಯೂ ಬಿಟ್ಟಲ್ಲೇ ಇರುತ್ತದೆ. ರೇಸಿನವರು ಹಾರಿಸುವುದು ಆಕ್ರೋದಲ್ಲಿ. ನಾಲ್ಕು ತಿಂಗಳು, ಬಿದ್ದ ಡ್ರೋನನ್ನು ಜಾಲಿಕಂಟಿಯಿಂದ ಹೆಕ್ಕಿ ಹೆಕ್ಕಿ ತಂದು ಕಲಿತೆ. ಕೆರೂರಿನ ಕಡೆಯ ಮೈದಾನದಲ್ಲಿ ಭಾನುವಾರ ನನ್ನ ಮೊದಲ ರೇಸ್ ಇತ್ತು.

ವಾರದಿಂದ ಊಟಕ್ಕೆ ಕೂತಾಗಲೆಲ್ಲ ಭಾವನದು ಒಂದೇ ರಾಗ. "ಮನಿ ಸೊಸಿ ಕಣ್ಣಿಗೆ ಡಬ್ಬಿ ಕಟ್ಕೊಂಡು ಮೈದಾನದಾಗ ನಿಂತ್ರ ಮಂದಿ ಏನಂದಾರು?" ಡಬ್ಬಿ ಎಂದರೆ ಡ್ರೋನಿನ ಕ್ಯಾಮೆರಾ ಕಂಡದ್ದನ್ನು ತೋರಿಸುವ ಕನ್ನಡಕ.

ಶುಕ್ರವಾರ ಸಂಜೆ ಮನೆಯ ಹಿಂದಿನ ಖಾಲಿ ಪ್ಲಾಟುಗಳಲ್ಲಿ ಅಭ್ಯಾಸ ಮಾಡುತ್ತಿದ್ದೆ. ಭಾವ ನಗುತ್ತ ಬಂದು ಕೈ ಚಾಚಿದ.

"ಕೊಡು ಇಲ್ಲಿ, ಒಂದು ಸುತ್ತು ನೋಡ್ತೇನಿ."

ಕೊಡಬಾರದಿತ್ತು. ಕಲಿಯುವವರ ಮೋಡಿಗೆ ಹಾಕಿ ಕೊಟ್ಟೆ. ಅವನು ರಿಮೋಟನ್ನು ಕೊರಳಿಗೆ ಹಾಕಿಕೊಂಡು, ಕನ್ನಡಕ ಬೇಡವೆಂದು, ಸ್ವಿಚ್ಚನ್ನು ಆಕ್ರೋಗೆ ತಿರುಗಿಸಿದ.

"ನಾ ಏನ್ ಕೂಸು ಅಂತ ತಿಳದಿ?"

"ಭಾವಾರ, ಕೈ ಬಿಟ್ರ ಇದು ನಿಲ್ಲಂಗಿಲ್ರಿ. ಹಂಗ ಹೋಗಿ ಬಡಕೋತೈತಿ."

"ಗೊತ್ತೈತಿ ಬಿಡು."

ಡ್ರೋನ್ ಅಂಕುಡೊಂಕಾಗಿ ಮೇಲೇರಿ ಮುಂದಕ್ಕೆ ಬಾಗಿತು. ಅಷ್ಟರಲ್ಲಿ ನಮ್ಮ ಓಣಿಯ ವಯಸ್ಸಾದ ಮಾಸ್ತರರು ತಿರುಗಾಡುತ್ತ ಆ ದಾರಿಯಲ್ಲಿ ಬಂದರು. "ಶರಣ್ರಿ ಮಾಸ್ತರ್" ಎಂದವನೇ ಭಾವ ಎರಡೂ ಕೈ ತೆಗೆದು ಎದೆಗೆ ಜೋಡಿಸಿ ತಲೆ ಬಾಗಿಸಿದ. ನಾನು ಕಡ್ಡಿಗೆ ಕೈ ಹಾಕುವ ಮೊದಲೇ ಡ್ರೋನ್ ಕಟ್ಟುತ್ತಿದ್ದ ಮನೆಯೊಂದರ ಕಲ್ಲಿನ ಗೋಡೆಗೆ ಹೊಡೆಯಿತು. ಎರಡು ತೋಳು ಮುರಿದವು, ಒಳಗಿನ ಬೋರ್ಡು ಸೀಳಿತು. ಅಂಥ ಬೋರ್ಡು ಬಾಗಲಕೋಟೆಯಲ್ಲಿ ಸಿಗುವುದಿಲ್ಲ.

ಮನೆಯಲ್ಲಿ ಕೂಗಾಡಿದೆ. ಅತ್ತೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. "ಹಿರೇರು ಎದುರಿಗೆ ಬಂದ್ರ ಕೈ ಮುಗೀಬಾರದೇನು?" ಅವನ ಡ್ರೋನ್ ನಿಲ್ಲುತ್ತದೆ, ರೂಢಿಯಿಂದ ಕೈ ಬಿಟ್ಟಿರಬೇಕು ಎಂದು ನಾನೂ ನಂಬಿಕೊಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಭಾನುವಾರ, ರೇಸ್ ನಡೆಯುವ ಹೊತ್ತಿಗೆ, ನಾನು ಪಡಸಾಲೆಯಲ್ಲಿ ಮುರಿದ ತೋಳುಗಳನ್ನು ಬಿಚ್ಚುತ್ತಿದ್ದೆ. ಮಾಸ್ತರರು ಕೋಲೂರಿಕೊಂಡು ಬಂದರು.

"ನನ್ನ ಸಲುವಾಗಿ ನಿನ್ನ ವಿಮಾನ ಬಿತ್ತವ್ವಾ. ಮನಸ್ಸಿಗೆ ಭಾಳ ಹಳಹಳಿ ಆಗೈತಿ."

"ನಿಮ್ಮದೇನ್ ತಪ್ಪೈತ್ರಿ, ಕುಂದರ್ರಿ" ಎಂದೆ.

ಅವರು ಕೂತು ಕನ್ನಡಕ ಒರೆಸಿಕೊಂಡರು. "ಅವಂಗ ಸಾಲಿ ಕಲಿಸಿದಾಂವ ನಾ. ಇಷ್ಟ್ ವರ್ಷ ಗಾಡಿ ಮ್ಯಾಲಿಂದನ ಗೋಣು ಹಾಕಿ ಹೋಗ್ತಿದ್ದ. ಮೊನ್ನಿ ಮೊದಲನೇ ಸಲ ಎರಡೂ ಕೈ ಮುಗದ ನೋಡು. ನನಗ ಕಣ್ಣಾಗ ನೀರು ಬಂತು."

ರೂಢಿಯಿಂದ ಬಿಟ್ಟ ಕೈಗಳಲ್ಲ ಅವು, ಕೈ ಬಿಟ್ಟರೆ ಬಡಿದುಕೊಳ್ಳುತ್ತದೆ ಎಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಒಳಗೆ ಭಾವ ಯಾವುದೋ ಮದುವೆಯ ವಿಡಿಯೋಗೆ ಹಾಡು ಜೋಡಿಸುತ್ತಿದ್ದ. ಎದ್ದು ಹೋಗಿ ಅವನ ಮುಖಕ್ಕೆ ಹೊಡೆಯಬೇಕೆನಿಸಿತು, ಖಂಡಿತವಾಗಿ ಅನಿಸಿತು. ಆದರೆ ಮಾಸ್ತರರು ಆ ನಮಸ್ಕಾರ ನೆನೆದು ನಗುತ್ತಿದ್ದರು. ಅವರಿಗೆ ಚಹಾ ಮಾಡಿ ಕೊಟ್ಟೆ.