ಕೈಯಲ್ಲಿ ಬೂಟು

ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ಕಾರ್ಮಿಕರ ಮನೆಸಾಲುಗಳಾದ ಲೈನುಗಳಲ್ಲಿ, ಹಿಂದೆ ಒಂದು ಪದ್ಧತಿ ಇತ್ತು. ಗಣಿಯ ಫುಟ್‌ಬಾಲ್ ತಂಡ ಸೋತ ದಿನ ಆಟಗಾರರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆಗೆ ನಡೆಯುತ್ತಿದ್ದರು. ಹಾಗೆ ನಡೆಯುವವನನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಗಣಿ ಮುಚ್ಚಿತು, ತಂಡ ಚದುರಿತು. ಆ ತಂಡದ ಗೋಲ್‌ಕೀಪರ್ ಆಗಿದ್ದ ಕಾಂತರಾಜ್ ತನ್ನ ಮಗಳು ಮೀನಾಳನ್ನು ಇಂಥ ಕಥೆಗಳನ್ನು ಹೇಳಿಯೇ ಬೆಳೆಸಿದ.

ಮೀನಾ ಈಗ ಬಂಗಾರಪೇಟೆಯ ಕಾಲೇಜಿನ ಹುಡುಗಿಯರ ತಂಡದಲ್ಲಿ ಗೋಲ್‌ಕೀಪರ್. ಈ ವರ್ಷ ಆ ತಂಡಕ್ಕೆ ಕಾಂತರಾಜನನ್ನೇ ಕೋಚ್ ಆಗಿ ಕರೆದರು. ದೇಶದ ತಂಡಕ್ಕೂ ಅದೇ ಸಮಯದಲ್ಲಿ ಹೊಸ ಕೋಚ್ ಬಂದಿದ್ದ. ಅವನ ಮೊದಲ ಪಂದ್ಯ ಗೋಲಿಲ್ಲದೆ ಮುಗಿಯಿತು, ಎರಡನೆಯದು ಸೋಲು. ಕಾಂತರಾಜನ ಹುಡುಗಿಯರೂ ಆಡಿದ ಎರಡನ್ನೂ ಸೋತಿದ್ದರು. ಹಾಗಾಗಿ ಊರಿಗಾಂನ ಮುನಿಶಾಮಿಯ ಟೀ ಅಂಗಡಿಯಲ್ಲಿ ಯಾರಾದರೂ ದೇಶದ ಕೋಚನ್ನು ಬೈದರೆ ಕಾಂತರಾಜನಿಗೆ ತನ್ನನ್ನೇ ಬೈದಂತಾಗುತ್ತಿತ್ತು.

"ಒಸಬ ಕಣ್ಲಾ. ಟೈಮ್ ಕೊಡ್ರಿ" ಎನ್ನುತ್ತಿದ್ದ.

"ಯಾರಿಗಣ್ಣೇ ಟೈಮು, ಅವನಿಗಾ ನಿನಗಾ?" ಎಂದು ಮುನಿಶಾಮಿ ನಗುತ್ತಿದ್ದ.

ದೇಶದ ತಂಡದ ಮೂರನೆಯ ಪಂದ್ಯದ ಸಂಜೆ ಕಾಂತರಾಜ್ ತನ್ನ ಹುಡುಗಿಯರನ್ನೂ ಅಂಗಡಿಗೆ ಕರೆತಂದ. "ಒಸಬ ತಂಡ ಕಟ್ಟೋದು ಎಂಗೆ ಅಂತ ನೋಡ್ರಿ" ಎಂದು ಟಿವಿಯ ಮುಂದಿನ ಬೆಂಚಿನಲ್ಲಿ ಕೂರಿಸಿದ. ಮೀನಾ ಕೊನೆಯಲ್ಲಿ ಕೂತಿದ್ದಳು.

ಆಟ ಚೆನ್ನಾಗಿಯೇ ಇತ್ತು. ನಮ್ಮವರು ಒಂದು ಗೋಲು ಮುಂದಿದ್ದರು. ಕಾಂತರಾಜ್ ಎದ್ದು ನಿಂತು ಎಲ್ಲರಿಗೂ ಟೀ ಹೇಳಿದ. ಆಮೇಲೆ ಎದುರಾಳಿ ಒದ್ದ ಒಂದು ಸಾಧಾರಣ ಚೆಂಡು ನಮ್ಮ ಗೋಲ್‌ಕೀಪರನ ಕೈಗೆ ಬಂದು, ಜಾರಿ, ಗೆರೆ ದಾಟಿತು. ಅಂಗಡಿ ಹೋ ಎಂದಿತು. ಎಲ್ಲರ ಕೂಗಿಗಿಂತ ಮೇಲೆ ಕಾಂತರಾಜನ ಗಂಟಲು ಕೇಳಿತು.

"ಎಂಗಸ್ರಂಗೆ ಇಡೀತಾನೆ ನೋಡ್ಲಾ! ಸೀರೆ ಉಡ್ಸಿ ಅಡುಗೆಮನೇಗೆ ಕಳಿಸ್ರೋ ಇವನ್ನ!"

ಗಂಡಸರು ನಕ್ಕರು. ಬೆಂಚಿನ ಮೇಲೆ ಯಾರೂ ನಗಲಿಲ್ಲ. ತಂಡದಲ್ಲಿ ಎಡಗಡೆ ಆಡುವ ರಾಧ ಟೀ ಲೋಟ ಕೆಳಗಿಟ್ಟಳು. ಮೀನಾ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡು, ಮಡಿಲಲ್ಲಿ ಮಡಚಿಟ್ಟುಕೊಂಡಳು. ಕಾಂತರಾಜ್ ಅದನ್ನು ಕಂಡ. ಆಮೇಲೆ ನಮ್ಮವರು ಇನ್ನೊಂದು ಗೋಲು ಬಿಟ್ಟು ಪಂದ್ಯ ಸೋತದ್ದು ಅವನಿಗೆ ತಿಳಿಯಲೇ ಇಲ್ಲ.

ಮರುದಿನ ಮೀನಾ ಅಭ್ಯಾಸಕ್ಕೆ ಹೋಗಲಿಲ್ಲ. ಗ್ಲೌಸನ್ನು ಒಗೆದು ತಂತಿಗೆ ಹಾಕಿದಳು, ಒಣಗಿದ ಮೇಲೂ ತೆಗೆಯಲಿಲ್ಲ.

"ನಾಳೆ ಮ್ಯಾಚ್ ಐತಲ್ಲಮ್ಮಾ" ಎಂದ ಕಾಂತರಾಜ್, ಗೋಡೆ ನೋಡುತ್ತ.

"ಬೇರೆ ಯಾರನ್ನಾದ್ರೂ ನಿಲ್ಸಪ್ಪಾ. ನಾನು ಎಂಗಸ್ರಂಗೇ ಇಡಿಯೋದು."

ಅಡುಗೆಮನೆಯಿಂದ ಹೆಂಡತಿ ಮಾರಿಯಮ್ಮ ಕೇಳಿದಳು: "ಇಷ್ಟು ವರ್ಸ ಅವಳಿಗೆ ಏನು ಕಲಿಸ್ದೆ ನೀನು?"

ಟೀ ಅಂಗಡಿಯಲ್ಲಿ ಆಡಿದ ಮಾತಿಗೆ ಮನೆಯೊಳಗೆ ತಪ್ಪಾಯ್ತು ಎನ್ನುವುದು ಸಾಲದು ಎಂದಷ್ಟೇ ಅವನಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಹಳೆಯ ಬೂಟು ಹಾಕಿಕೊಂಡು ಹೊರಟ. ಲೈನಿನ ತುದಿಯಲ್ಲಿ ಕೂತು ಬಿಚ್ಚಿದ. ಲೇಸುಗಳನ್ನು ಗಂಟುಹಾಕಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮುನಿಶಾಮಿಯ ಅಂಗಡಿಯ ಮುಂದೆ ನಡೆದ. ಅಂಗಡಿ ತುಂಬಿತ್ತು.

"ಏನಣ್ಣೇ, ಮ್ಯಾಚ್‌ಗೆ ಮುಂಚೇನೇ ಸೋತುಬಿಟ್ಯಾ?" ಎಂದ ಬೆಂಚಿನ ಮೇಲಿದ್ದವನೊಬ್ಬ.

"ಸುಮ್ನಿರೋ," ಎಂದ ಮುನಿಶಾಮಿ. ಅವನ ಅಪ್ಪನೂ ಗಣಿಯಲ್ಲಿದ್ದವನು. "ಬೂಟು ಕೈಯಾಗೈತೆ."

ಕಾಂತರಾಜ್ ನಿಂತ. "ಮೊನ್ನೆ ನಾನಂದಿದ್ದು ತಪ್ಪು. ನನ್ನ ಮಗಳೂ ಗೋಲ್‌ಕೀಪರ್ರೇ. ಅವಳ ಮುಂದೇನೇ ಅಂದೆ" ಎಂದ. ತಲೆ ಎತ್ತಲಾಗಲಿಲ್ಲ. ಬೂಟು ಕೈಯಲ್ಲೇ ಹಿಡಿದು ಮೈದಾನದ ಕಡೆ ನಡೆದ.

ಪಂದ್ಯವಿದ್ದ ಊರಿಗಾಂ ಮೈದಾನ ತಲುಪುವಾಗ ಗಣಿಯ ಬಿಳಿ ಮಣ್ಣು ಅವನ ಪಾದಕ್ಕೆ ಮೆತ್ತಿತ್ತು, ಹಿಮ್ಮಡಿಯಲ್ಲಿ ಮುಳ್ಳೊಂದು ಚುಚ್ಚಿತ್ತು. ಗೋಲಿನ ಎರಡು ಕಂಬಗಳ ನಡುವೆ ರಾಧ ಅಳುಕುತ್ತ ನಿಂತಿದ್ದಳು. ಮೀನಾ ದೂರದಲ್ಲಿ, ಬೇಲಿಯ ಆಚೆ ಇದ್ದಳು. ಅವಳು ಅವನ ಮುಖ ನೋಡಲಿಲ್ಲ. ಕೈಯನ್ನು ನೋಡಿದಳು, ಆಮೇಲೆ ಕಾಲನ್ನು.

"ಅಂಗಡಿ ಮುಂದೇನೇ ಇಂಗೆ ನಡ್ಕಂಡು ಬಂದ್ಯಾ?"

"ಊಂ."

ಅವಳು ಬೇಲಿ ದಾಟಿ ಬಂದು, ಬ್ಯಾಗಿನಿಂದ ಗ್ಲೌಸು ತೆಗೆದಳು.

"ರಾಧಂಗೆ ಅವಳ ಎಡಗಡೆ ಜಾಗಕ್ಕೆ ಓಗಕ್ಕೇಳು" ಎಂದಳು. ಅಪ್ಪಾ ಎನ್ನಲಿಲ್ಲ.

ಕಾಂತರಾಜ್ ಗೆರೆಯಾಚೆ ಬರಿಗಾಲಲ್ಲೇ ನಿಂತ. ಬೂಟು ಹಾಕಿಕೊ ಎಂದು ಯಾರೂ ಹೇಳಲಿಲ್ಲ. ಅವನೂ ಹಾಕಿಕೊಳ್ಳಲಿಲ್ಲ.