ಎಲಿವೇಷನ್‌ನಲ್ಲಿ ಕಾಣದ ಬಾಗಿಲು

ಹೋದ ತಿಂಗಳು ಸೀರೆ ತರಲು ತರೀಕೆರೆಗೆ ಹೋದವಳು ಬಿ.ಪಿ. ಚೆಕ್ ಮಾಡಿಸಿಕೊಂಡೆ.

ನಗಬೇಡಿ, ನೀವಾಗಿದ್ದರೂ ಅದೇ ಆಗುತ್ತಿತ್ತು. ತರೀಕೆರೆಯಲ್ಲಿ ನಮ್ಮ ಭಾವನ, ಅಂದರೆ ಅಕ್ಕನ ಗಂಡನ, ಜವಳಿ ಅಂಗಡಿ ಇದೆ. ಹಳೆಯದನ್ನು ಕೆಡವಿ ಹೊಸದು ಕಟ್ಟಿಸಿದ್ದಾರೆ. ಓಪನಿಂಗ್ ದಿನ ನನಗೆ ಜ್ವರ, ಹೋಗಲಾಗಿರಲಿಲ್ಲ. 'ನೀಲಿ ಗಾಜು, ಬೆಳ್ಳಿ ಬಣ್ಣದ ಶೀಟು, ಸ್ಟೀಲ್ ಹಿಡಿಯ ಬಾಗಿಲು' ಅಂತ ಅಕ್ಕ ಫೋನಿನಲ್ಲಿ ಗುರುತು ಹೇಳಿದ್ದಳು. ಕಡೂರಿನಿಂದ ಬಸ್ಸು ಹತ್ತಿ ತರೀಕೆರೆಯಲ್ಲಿ ಇಳಿದೆ. ನೀಲಿ ಗಾಜು ಕಂಡಿತು, ಬೆಳ್ಳಿ ಶೀಟು ಕಂಡಿತು, ಬಾಗಿಲು ತಳ್ಳಿ ಒಳಗೆ ಹೋದೆ.

ಒಳಗೆ ತಣ್ಣಗೆ ಎ.ಸಿ. ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ಮೇಡಂ ಮೇಡಂ ಅನ್ನುತ್ತಾ ಕುರ್ಚಿಯಲ್ಲಿ ಕೂರಿಸಿ ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಪರವಾಗಿಲ್ಲವೇ, ಭಾವ ಬಹಳ ಮುಂದುವರಿದಿದ್ದಾರೆ, ಸೀರೆ ತೋರಿಸುವ ಮೊದಲೇ ಬ್ಲೌಸಿನ ಅಳತೆ ತೆಗೆಯುತ್ತಿದ್ದಾರೆ ಅಂದುಕೊಂಡೆ. ಪಟ್ಟಿ ಬಿಗಿಯಾಗುತ್ತಾ ಹೋದಾಗಲೇ ಅನುಮಾನ ಬಂದಿದ್ದು. ಅಷ್ಟರಲ್ಲಿ ಅವಳು, 'ಫಾಸ್ಟಿಂಗಲ್ಲಿ ಇದೀರಾ ಮೇಡಂ?' ಅಂದಳು. (ಇಡ್ಲಿ ತಿಂದು ಬಂದಿದ್ದೆ. ಜೊತೆಗೆ ವಡೆ.) ಅದು ರಕ್ತ ಪರೀಕ್ಷೆಯ ಲ್ಯಾಬು. ಭಾವನ ಅಂಗಡಿ ಅದರ ಪಕ್ಕದ್ದು.

ಎರಡೂ ಕಟ್ಟಡಕ್ಕೆ ಒಬ್ಬನೇ ಇಂಜಿನಿಯರ್. ಅದೇ ಗಾಜು, ಅದೇ ಶೀಟು, ಅದೇ ಬಾಗಿಲು. ಅವನನ್ನಾದರೂ ಏನು ಅನ್ನೋಣ? ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ, ಯಾವ ಊರಿನ ಮೇನ್ ರೋಡಿಗಾದರೂ ಹೋಗಿ ನೋಡಿ. ಬೇಕರಿ ಬ್ಯಾಂಕಿನ ಹಾಗಿದೆ, ಬ್ಯಾಂಕು ನರ್ಸಿಂಗ್ ಹೋಮಿನ ಹಾಗಿದೆ. ಮೊದಲು ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಬೋರ್ಡು ಓದದೆಯೇ ಗೊತ್ತಾಗುತ್ತಿತ್ತು. ಹೊಗೆ ಹಿಡಿದ ಗೋಡೆ ಇದ್ದರೆ ಹೋಟೆಲ್ಲು, ಕಬ್ಬಿಣದ ಸರಳು ಇದ್ದರೆ ಚಿನ್ನದಂಗಡಿ, ಹೊರಗೆ ಗೋಣಿಚೀಲ ಪೇರಿಸಿದ್ದರೆ ಮಂಡಿ. ಈಗ ಎಲ್ಲರೂ ಒಂದೇ ಪೀಸಿನಲ್ಲಿ ಬಟ್ಟೆ ಹೊಲಿಸಿಕೊಂಡು ನಿಂತಂತೆ ಕಾಣುತ್ತಾರೆ.

ಹಾಗಂತ ಹಳೆಯದೆಲ್ಲ ಚೆನ್ನ ಅಂತ ಹಾಡುವ ಪೈಕಿ ನಾನಲ್ಲ. ಭಾವನ ಹಳೇ ಅಂಗಡಿ ನನಗೆ ಗೊತ್ತಿಲ್ಲವೇ? ಹಲಗೆ ಬಾಗಿಲು, ನೆಲದ ಮೇಲೆ ಬಿಳಿ ಗಾದಿ, ಮಧ್ಯಾಹ್ನವೂ ಟ್ಯೂಬ್‌ಲೈಟು. ಅಲ್ಲಿ ಹಸಿರು ಅಂತ ಕೊಂಡ ಸೀರೆ ಮನೆಗೆ ಬಂದ ಮೇಲೆ ನೀಲಿಯಾಗುತ್ತಿತ್ತು. ಈಗಿನ ಹುಡುಗಿಯರು ಅಲ್ಲಿ ಕಾಲಿಡದೆ ನೆಟ್ಟಗೆ ಶಿವಮೊಗ್ಗಕ್ಕೆ ಹೋಗಲು ಶುರು ಮಾಡಿದರು. ಮೂರು ತಲೆಮಾರಿನ ಅಂಗಡಿ ತನ್ನ ಕಾಲದಲ್ಲಿ ಮುಚ್ಚಿಹೋದೀತು ಅನ್ನುವ ಹೆದರಿಕೆಯಲ್ಲೇ ಭಾವ ಗಾಜು ಹಾಕಿಸಲು ಒಪ್ಪಿದ್ದು.

ಇಂಜಿನಿಯರ್ ಹುಡುಗ ಮೊಬೈಲಿನಲ್ಲಿ ತ್ರೀಡಿ ಚಿತ್ರ ತಂದು ತೋರಿಸಿದ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಕಟ್ಟಡದ ಮುಖಕ್ಕೆ ಅವರ ಭಾಷೆಯಲ್ಲಿ ಎಲಿವೇಷನ್ ಅನ್ನುತ್ತಾರಂತೆ. ಚಿತ್ರದಲ್ಲಿ ಅಂಗಡಿಯ ಮುಂದೆ ಈಚಲು ಮರ, ಕೆಂಪು ಕಾರು, ಕೋಟು ಹಾಕಿದ ಒಬ್ಬ ಬಿಳಿಯ. (ತರೀಕೆರೆಯಲ್ಲಿ ಅವನಿಗೇನು ಕೆಲಸ?) ಭಾವ ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. ಅಕ್ಕ ಕನ್ನಡಕ ಏರಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. 'ಹೆಂಗಸರಿಗೆ ಬಾತ್‌ರೂಮ್ ಎಲ್ಲಪ್ಪಾ?'

ಇಂಜಿನಿಯರ್ ತಬ್ಬಿಬ್ಬಾದ. ಮೆಟ್ಟಿಲ ಕೆಳಗೆ ಹಿಂದುಗಡೆ ಮಾಡಬಹುದು, ಆದರೆ ಪೈಪು ಪಕ್ಕದ ಗೋಡೆಯಲ್ಲಿ ಇಳಿಯಬೇಕು, ಎಲಿವೇಷನ್ ಕೆಡುತ್ತದೆ ಅಂದ. ಜವಳಿ ಅಂಗಡಿಗೆ ಜನ ಬರುವುದು ಅದಕ್ಕಾ ಅಂತ ಭಾವ ರೇಗಿದರು. ಅಕ್ಕ ರೇಗಲಿಲ್ಲ. ಸೈಟು ಅವಳ ಹೆಸರಿನಲ್ಲಿದೆ, ಬ್ಯಾಂಕಿನ ಕಾಗದಕ್ಕೆ ಅವಳ ಸಹಿ ಬೇಕು. ಪ್ಲಾನಿನಲ್ಲಿ ಬಾತ್‌ರೂಮ್ ಬರೆದುಕೊಂಡು ಬಾ, ಆಮೇಲೆ ಸಹಿ ಹಾಕುತ್ತೇನೆ ಅಂದು ಒಗ್ಗರಣೆ ಹಾಕಲು ಒಳಗೆ ಹೋದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಅವತ್ತು ಪಾತ್ರೆ ನಾನೇ ತೊಳೆದೆ.

ಬಾತ್‌ರೂಮ್ ಆಯಿತು. ಚಿಲಕ, ನಲ್ಲಿ, ಬಕೆಟ್ಟು, ಲೈಟು, ಒಳ್ಳೆ ಟೈಲ್ಸು. ಆದರೆ ಮುಗಿದ ಮಾರನೇ ದಿನವೇ ಭಾವ ಅದಕ್ಕೆ ಬೀಗ ಜಡಿದರು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಹೊಸದು, ಜನ ಹಾಳು ಮಾಡುತ್ತಾರೆ ಅನ್ನುವುದು ಅವರ ವಾದ. ಕೀಲಿ ಗಲ್ಲಾಪೆಟ್ಟಿಗೆಯ ಕೀಲಿಯ ಜೊತೆ ಅವರ ಜೇಬಿನಲ್ಲಿ.

ಲ್ಯಾಬಿನಿಂದ ತಪ್ಪಿಸಿಕೊಂಡು ನಾನು ಅಂಗಡಿಗೆ ಬಂದಾಗ ಭಾವ ಗಾಜಿಗೆ ಅಂಟಿಕೊಂಡು ನಿಂತಿದ್ದರು. ನನ್ನ ಬಿ.ಪಿ. ಕತೆ ಹೇಳಿದರೂ ನಗಲಿಲ್ಲ. ಹೊಸ ಅಂಗಡಿ ಶುರುವಾದಾಗಿನಿಂದ ಹಳೇ ಗಿರಾಕಿಗಳು ಬರುತ್ತಿಲ್ಲವಂತೆ. ರಸ್ತೆಯಲ್ಲಿ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿ, ರೇಟು ಜಾಸ್ತಿ ಇರುತ್ತದೆ ಅಂದುಕೊಂಡು ಮುಂದೆ ಹೋಗುತ್ತಾರಂತೆ. ಹೊಸ ಹುಡುಗಿಯರು ಒಳಗೆ ಬಂದು ಕನ್ನಡಿಯ ಮುಂದೆ ಫೋಟೋ ತೆಗೆದುಕೊಂಡು ಹೋಗುತ್ತಾರಂತೆ. ಅವತ್ತು ಲಿಂಗದಹಳ್ಳಿಯ ದೊಡ್ಡ ಮನೆಯೊಂದರವರು ಮದುವೆ ಜವಳಿ ತೆಗೆಯಲು ಬರುವವರಿದ್ದರು. ಭಾವನ ತಾತನ ಕಾಲದಿಂದ ಅವರ ಮನೆಯ ಪ್ರತಿ ಮದುವೆಗೂ ಜವಳಿ ಹೋಗಿದ್ದು ಇಲ್ಲಿಂದಲೇ.

'ಇವರೂ ತಿರುಗಿಕೊಂಡ್ರೆ ಲಿಂಗದಹಳ್ಳಿ ಕಡೆಯೋರು ಒಬ್ರೂ ಬರಲ್ಲ ಕಣಮ್ಮ' ಅಂದರು ಭಾವ. 'ಅಪ್ಪ, ತಾತ ಮಾಡಿದ ಹೆಸರು ನಾನು ಗಾಜು ಹಾಕಿಸಿ ಕಳೆದೆ ಅಂತಾಗ್ತದೆ.'

ಯಾವಾಗಲೂ ಗತ್ತಿನಲ್ಲಿರುವ ಮನುಷ್ಯ ಹೀಗೆ ಅಂದಾಗ ನನಗೆ ಸಂಕಟವಾಯಿತು.

ಸ್ವಲ್ಪ ಹೊತ್ತಿಗೆ ಟೆಂಪೋ ಬಂತು. ಮದುವೆ ಜವಳಿ ಅಂದರೆ ಗೊತ್ತಲ್ಲ? ದೊಡ್ಡಪ್ಪ, ದೊಡ್ಡಮ್ಮ, ಸೋದರತ್ತೆ, ಬೀಗರ ಕಡೆಯ ಇಬ್ಬರು, ಎಲ್ಲರೂ ಬರಬೇಕು, ಎಲ್ಲರೂ ಒಪ್ಪಬೇಕು, ಬೆಳಗ್ಗೆ ಕೂತರೆ ಸಂಜೆಯವರೆಗೆ. ಇಳಿದವರೆಲ್ಲ ರಸ್ತೆಯ ಆಚೆಯೇ ನಿಂತರು. ಮೇಲೆ ನೋಡಿದರು. ಬೋರ್ಡು ಓದಿದರು. ಗಂಡಸರೊಳಗೆ ಏನೋ ಮಾತಾಯಿತು, ಒಬ್ಬರು ಶಿವಮೊಗ್ಗದ ದಿಕ್ಕಿಗೆ ಕೈ ತೋರಿಸಿದರು. ಭಾವನಿಗೆ ಹೋಗಿ ಕರೆಯಲು ಬಿಗುಮಾನ, ಸುಮ್ಮನಿರಲು ಭಯ. ನೀನು ಹೋಗಿ ಮಾತಾಡಿಸಿ ಬಾ ಅಂತ ನನ್ನನ್ನು ಅಟ್ಟಿದರು.

ಹೋದೆ. ಮದುವೆ ಹುಡುಗಿಯ ದೊಡ್ಡಮ್ಮ ಸಾವಿತ್ರಮ್ಮ ನನಗೆ ಹಳೇ ಪರಿಚಯ. ರೇಟಿನ ಬಗ್ಗೆ ಕೇಳುತ್ತಾರೆ ಅಂತ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು. 'ಇಷ್ಟು ದೊಡ್ಡ ಬಿಲ್ಡಿಂಗು ಕಟ್ಸವ್ರೆ, ಒಳಗೆ ಬಾತ್‌ರೂಮ್ ಐತೇನಮ್ಮ?'

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. ಅವರ ಮಗಳು ಆರು ತಿಂಗಳ ಬಸುರಿ, ತಂಗಿಯ ಮದುವೆ ಸೀರೆ ತಾನೂ ಆರಿಸಬೇಕು ಅಂತ ಹಟ ಹಿಡಿದು ಬಂದಿದ್ದಾಳೆ. 'ಬೆಳಗ್ಗಿಂದ ಒಂದು ಲೋಟ ನೀರು ಕುಡಿದಿಲ್ಲ ಅದು. ನಾವೂ ಅಷ್ಟೇ ಅನ್ನು, ಜವಳಿ ದಿನ ಯಾರು ನೀರು ಕುಡೀತಾರೆ? ನಮಗೆ ರೂಢಿ ಆಗೋಗದೆ. ಅದಕ್ಕೆ ಹೆಂಗೆ ಹೇಳಾನ? ಇಲ್ಲ ಅಂದ್ರೆ ಶಿವಮೊಗ್ಗಕ್ಕೇ ಹೋಗ್ತೀವಿ ಕಣಮ್ಮ, ಬೇಜಾರು ಮಾಡ್ಕಬೇಡಿ.'

ಮಗಳು ಟೆಂಪೋದ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ನನಗೆ ಮೈ ಉರಿಯಿತು. ಇದೆ, ಬನ್ನಿ ಅಂದೆ. ಅಂದವಳೇ ರಸ್ತೆ ದಾಟಿ ಭಾವನ ಮುಂದೆ ನಿಂತು, ಗಾಜು ನೋಡಿ ಅಲ್ಲ, ಶೀಟು ನೋಡಿ ಅಲ್ಲ, ನಿಮ್ಮ ಜೇಬಿನಲ್ಲಿರುವ ಕೀಲಿಗೋಸ್ಕರ ಅವರು ಹೊರಗೆ ನಿಂತಿದ್ದಾರೆ ಅಂದೆ. ಭಾವನಿಗೆ ಅರ್ಥವಾಗಲಿಲ್ಲ. ಬಸುರಿಯ ವಿಷಯ ಹೇಳಿದೆ. ಅದು ಸ್ಟಾಫಿಗೆ ಅಂತ ಇಟ್ಟಿದ್ದು ಅಂತ ಏನೋ ಶುರು ಮಾಡಿದರು. ಅಷ್ಟರಲ್ಲಿ ಮೇಲಿನ ಸೀರೆ ವಿಭಾಗದಿಂದ ಅಕ್ಕ ಇಳಿದು ಬಂದಳು. (ಹಳೇ ಅಂಗಡಿಯಲ್ಲಿ ಅವಳು ಕೂತಿದ್ದನ್ನು ನಾನು ನೋಡಿರಲಿಲ್ಲ. ಗಾದಿ ಏನಿದ್ದರೂ ಗಂಡಸರದ್ದು. ಹೊಸ ಕಟ್ಟಡದಲ್ಲಿ ಒಂದು ಫ್ಲೋರೇ ಅವಳದು.) ನಮ್ಮ ಮಾತು ಕೇಳಿಸಿಕೊಂಡೇ ಬಂದವಳು ಭಾವನ ಮುಂದೆ ಕೈ ಚಾಚಿದಳು. ಭಾವ ಕೀಲಿ ಕೊಟ್ಟರು.

ಲಿಂಗದಹಳ್ಳಿಯ ಹೆಂಗಸರು ಒಂದು ಸೀರೆಯನ್ನೂ ನೋಡುವ ಮೊದಲು ಸಾಲಾಗಿ ಹಿಂದುಗಡೆ ಹೋಗಿ ಬಂದರು. ಮೊದಲು ಬಸುರಿ, ಆಮೇಲೆ ಸಾವಿತ್ರಮ್ಮ, ಆಮೇಲೆ ಬೀಗರ ಕಡೆಯವರು. ಬರುವಾಗ ಮುಖ ತೊಳೆದುಕೊಂಡು, ನಗುತ್ತಾ, ಜೋರಾಗಿ ಮಾತಾಡಿಕೊಂಡು ಬಂದರು. ಮೇಲೆ ಅಕ್ಕ ಕೌಂಟರಿನ ಪಕ್ಕ ಹಳೇ ಗಾದಿಯನ್ನೇ ಹಾಸಿಟ್ಟಿದ್ದಳು. ಎಲ್ಲರೂ ಕಾಲು ಚಾಚಿ ಕೂತರು. ಭಾವ ಟೀ ತರಿಸಿದರು.

ಹೆಂಗಸರು ಟೀ ಕುಡಿದರು. ಇನ್ನೊಂದು ಲೋಟ ನೀರು ಕೇಳಿದರು. ಬಸುರಿ ಎರಡನೇ ಸಲ ಟೀ ಕುಡಿದಳು.

ಇದರಲ್ಲೇನು ಅನ್ನುತ್ತೀರಾ? ಭಾವ ಮೆಟ್ಟಿಲ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದರು. ಅವರ ಅಂಗಡಿಯಲ್ಲಿ ಪ್ರತಿ ಜವಳಿಗೂ ಟೀ ಬರುತ್ತಿತ್ತು, ಗಂಡಸರು ಕುಡಿಯುತ್ತಿದ್ದರು, ಹೆಂಗಸರು ಬೇಡ ಅನ್ನುತ್ತಿದ್ದರು. ನಮ್ಮ ಕಡೆಯ ಹೆಂಗಸರಿಗೆ ಸಂಕೋಚ ಜಾಸ್ತಿ, ಒಳ್ಳೆ ಸಂಸ್ಕಾರ ಅಂತ ಭಾವ ಎಷ್ಟೋ ಸಲ ಹೊಗಳಿದ್ದನ್ನು ನಾನೇ ಕೇಳಿದ್ದೇನೆ. ಅವತ್ತು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. 'ಇಷ್ಟು ವರ್ಷ ಟೀ ಬೇಡ ಅಂತಿದ್ದಿದ್ದು ಇದಕ್ಕೇನಮ್ಮ?'

ಹೌದು ಭಾವ, ಇದಕ್ಕೇ ಅಂದೆ. ಆಮೇಲೆ ಅವರು ಬಹಳ ಹೊತ್ತು ಸೀರೆ ಮಡಿಚಿ ಮಡಿಚಿ ಇಡುತ್ತಿದ್ದರು.

ಜವಳಿ ಮುಗಿದಾಗ ಬೀದಿ ದೀಪ ಹತ್ತಿತ್ತು. ಶಿವಮೊಗ್ಗದ ಮಾತು ಯಾರೂ ಎತ್ತಲಿಲ್ಲ. ಬೆಳಕು ಚೆನ್ನಾಗಿದೆ, ಬಣ್ಣ ಸರಿಯಾಗಿ ಕಾಣುತ್ತದೆ ಅಂತ ಮದುವೆ ಹುಡುಗಿ ಗಾಜನ್ನೂ ಹೊಗಳಿದಳು. (ಗಾಜಿಗೆ ಸಲ್ಲಬೇಕಾದ್ದು ಸಲ್ಲಲಿ.) ನನ್ನ ಸೀರೆ ತೆಗೆಯುವುದು ಮರೆತೇ ಹೋಯಿತು, ಖಾಲಿ ಕೈಯಲ್ಲಿ ಕಡೂರಿನ ಬಸ್ಸು ಹತ್ತಿದೆ. ಆದರೂ ಅಷ್ಟು ನೆಮ್ಮದಿಯಾಗಿ ನಾನು ಊರಿಗೆ ಮರಳಿದ್ದು ಅಪರೂಪ.

ಮೊನ್ನೆ ಆ ಸೀರೆಗಾಗಿ ಮತ್ತೆ ಹೊರಟಿದ್ದೆ. ಬೀರೂರಿನಲ್ಲಿ ಬಸ್ಸು ಹತ್ತಿದ ಇಬ್ಬರು ಹೆಂಗಸರು ನನ್ನ ಮುಂದಿನ ಸೀಟಿನಲ್ಲಿ ಕೂತರು. ಯಾವುದೋ ಮದುವೆಯ ಜವಳಿಯ ಮಾತು. ಅವರಲ್ಲಿ ದೊಡ್ಡಾಕೆ, ತರೀಕೆರೆಯಲ್ಲಿ ಬಾತ್‌ರೂಮ್ ಇರೋ ಅಂಗಡಿ ಅಂತ ಒಂದು ಆಗಿದೆಯಂತೆ, ಅಲ್ಲಿಗೇ ಹೋಗೋಣ ಅಂದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ತಾತನ ಹೆಸರು, ಮುಂದೆ ಸಿಲ್ಕ್ಸ್, ಚಿನ್ನದ ಬಣ್ಣದ ಎಲ್.ಇ.ಡಿ. ಅಕ್ಷರ, ಅಷ್ಟೆಲ್ಲ ಮಾಡಿಸಿದ ಭಾವನ ಅಂಗಡಿಗೆ ಜನ ಇಟ್ಟ ಹೆಸರು ಇದು.

ಅಂಗಡಿಗೆ ಹೋದ ಕೂಡಲೇ ಹೇಳಿದೆ. ಭಾವ ಮುಖ ಹುಳ್ಳಗೆ ಮಾಡಿಕೊಂಡರು. ಇಂಜಿನಿಯರಿಗೆ ಗೊತ್ತಾದರೆ ಅತ್ತುಬಿಡುತ್ತಾನೆ ಅಂದರು. ಆದರೆ ತುಟಿಯ ಮೂಲೆಯಲ್ಲಿ ನಗು ಅಡಗಿಸಿಕೊಳ್ಳಲು ಆಗಲಿಲ್ಲ ಅವರಿಗೆ. ಮೇಲೆ ಗಾದಿ ತುಂಬ ಜನ ಕೂತಿದ್ದರು, ಅಕ್ಕನಿಗೆ ನನ್ನ ಕಡೆ ತಿರುಗಲೂ ಪುರುಸೊತ್ತಿರಲಿಲ್ಲ. ಹಿಂದುಗಡೆ ಹೋಗಿ ನೋಡಿದೆ. ಬಾಗಿಲಿಗೆ ಬೀಗವೇ ಇಲ್ಲ, ಬೀಗ ಹಾಕುವ ಹೊರಗಿನ ಕೊಂಡಿಯನ್ನೂ ಕೀಳಿಸಿದ್ದಾರೆ.

ನಿಮ್ಮೂರಿನ ಗಾಜಿನ ಅಂಗಡಿಯಲ್ಲಿ ಆ ಕೀಲಿ ಯಾರ ಜೇಬಿನಲ್ಲಿದೆ, ಕೇಳಿದ್ದೀರಾ?